ಹೊಳಿಗೆ ನೀರ ಬಂತೇನು?

ರಾಮದುರ್ಗದ ಹೊಳೆಯ ಸೇತುವೆಯನ್ನು ಬಿರಬಿರನೆ ನಡೆದು ದಾಟಿದರೆ, ಬಾಯಿಗೆ ಹಾಕಿಕೊಂಡ ಎಲೆ-ಅಡಿಕೆ ಇನ್ನೂ ಮುಗಿದಿರುವುದಿಲ್ಲ. ಈಚೆ ದಂಡೆಗೆ ನನ್ನ ಗಂಡನ ಮನೆ, ಮಗ್ಗದ ಓಣಿ. ಆಚೆಗೆ ತವರು. ಇಷ್ಟು ಹತ್ತಿರ ಮಗಳನ್ನು ಕೊಟ್ಟಿದ್ದು ಅವ್ವನಿಗೆ ದೊಡ್ಡ ಜಂಬ. "ಒಲಿ ಮ್ಯಾಲೆ ಬ್ಯಾಳಿ ಇಟ್ಟು ಮಗಳ್ನ ನೋಡಾಕ ಹೋಗ್ತೇನಿ, ಅದು ಕುದಿಯೂದ್ರಾಗ ಬಂದಿರತೇನಿ" ಎಂದು ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಸಂಜೆಯಾದರೆ ಊರೆಲ್ಲ ಸೇತುವೆಯ ಮೇಲೆ. ನೋಡಲು ಬೇರೆ ಏನಿತ್ತು? ಹಳೆಯ ಅರಮನೆಯನ್ನು ಪರವೂರಿನ ಬೀಗರಿಗೆ ಒಂದು ಸಲ ತೋರಿಸಿದರೆ ಮುಗಿಯಿತು. ಸೇತುವೆ ಹಾಗಲ್ಲ. ಅಂಚಿನ ಕಟ್ಟೆಗೆ ಒರಗಿ ಶೇಂಗಾ ತಿನ್ನುವವರು, ಗಿರಮಿಟ್ ಮಾರುವವನು, ಮಗ್ಗ ನಿಲ್ಲಿಸಿ ಗಾಳಿಗೆ ಬಂದ ನೇಕಾರರು. ನಾನೂ ಅವ್ವನೂ ನಟ್ಟನಡುವೆ ಕೂಡಿ, ನಮ್ಮ ನಮ್ಮ ಅತ್ತೆಯರನ್ನು ಮನಸಾರೆ ಬೈದು, ಹಗುರಾಗಿ ಮನೆಗೆ ಮರಳುತ್ತಿದ್ದೆವು.

ನವಿಲುತೀರ್ಥದಲ್ಲಿ ಆಣೆಕಟ್ಟು ಎದ್ದ ಮೇಲೆ, ಎಪ್ಪತ್ತರ ಆ ವರ್ಷಗಳಲ್ಲಿ, ನಮ್ಮ ಹೊಳೆ ಬೇಸಿಗೆಗೆ ಒಣಗತೊಡಗಿತು. ಮೇಲಿನವರು ಗೇಟು ಎತ್ತಿದರೆ ನೀರು, ಇಲ್ಲದಿದ್ದರೆ ಉಸುಕು. ಅಂಥದೊಂದು ಬೇಸಿಗೆಯಲ್ಲಿ ನಾನು ಐದು ತಿಂಗಳ ಬಸುರಿ. ಅದಕ್ಕೆ ಮೊದಲಿನ ಎರಡು ಬಸುರು ನಿಂತಿರಲಿಲ್ಲ. ನಮ್ಮಲ್ಲಿ ಬಸುರಿ ಹೊಳೆ ದಾಟುವಂತಿಲ್ಲ. ದಾಟಲೇಬೇಕೆಂದರೆ ಮೊದಲು ಹರಿಯುವ ನೀರಿಗೆ ಉಡಿ ತುಂಬಬೇಕು. ಹಸಿರು ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ ಹೊಳೆಗೆ ಅರ್ಪಿಸಬೇಕು. ಹಾಗಾಗಿ ಅವ್ವನೇ ಈಚೆ ಬಂದು ಹೋಗುತ್ತಿದ್ದಳು. ಆಮೇಲೆ ಅವಳ ಕಾಲು ಬಾತವು, ಉಸಿರು ಕಟ್ಟತೊಡಗಿತು, ಹಾಸಿಗೆ ಹಿಡಿದಳು.

ಉಡಿಯ ಸಾಮಾನು ಕಟ್ಟಿಟ್ಟೆ. ಹರಿಯುವ ನೀರನ್ನು ಎಲ್ಲಿಂದ ತರಲಿ? ಸೇತುವೆಯ ಕೆಳಗೆ ಕಲ್ಲಂಗಡಿ ಬಳ್ಳಿ ಹಬ್ಬಿತ್ತು, ಕತ್ತೆಗಳು ಮಲಗಿದ್ದವು.

ಇಲ್ಲಿ ತಪ್ಪನ್ನು ಅತ್ತೆಯ ಮೇಲೆ ಹಾಕಿದರೆ ಕೇಳುವವರಿಗೆ ಅನುಕೂಲ. ಎಷ್ಟೋ ಜನರ ಮುಂದೆ ಹಾಗೆಯೇ ಹೇಳಿದ್ದೇನೆ. ಅದು ಸುಳ್ಳು. ಮೂರನೆಯ ದಿನ ಅತ್ತೆಯೇ ಬಂದು ಹೇಳಿದಳು: "ನೀರಿಲ್ಲದ್ದು ಎಂಥಾ ಹೊಳಿ ಯವ್ವಾ? ಹಡದಾಕಿ ಮಲಗ್ಯಾಳ. ನಡಿ, ನಾನೂ ಸಂಗಾಟ ಬರತೇನಿ."

"ಬ್ಯಾಡ್ರಿ ಅತ್ತಿ," ಅಂದೆ. "ಎರಡ ಕಳಕೊಂಡೇನಿ. ನಾಕ ದಿನದಾಗ ನೀರ ಬಿಡ್ತಾರಂತ."

ಊರೆಲ್ಲ ಹಾಗೆಯೇ ಹೇಳುತ್ತಿತ್ತು. ನಾಲ್ಕು ದಿನ ಎಂಟಾದವು. ದಿನಾ ಸಂಜೆ ಸೇತುವೆಯ ಈಚೆ ತುದಿಗೆ ಹೋಗಿ, ಆಚೆ ದಂಡೆಯ ಮಾಳಿಗೆಗಳಲ್ಲಿ ನಮ್ಮದು ಯಾವುದೆಂದು ಹುಡುಕುತ್ತ ನಿಲ್ಲುತ್ತಿದ್ದೆ. ಅಣ್ಣ ಕರೆಯಲು ಬಂದ. "ಯಾರ ಒಳಗ ಬಂದ್ರೂ ಅವ್ವ ಒಂದ ಮಾತ ಕೇಳತಾಳ. ಹೊಳಿಗೆ ನೀರ ಬಂತೇನು ಅಂತ." ನೀರು ಬಂದ ಕೂಡಲೇ ಬರುತ್ತೇನೆಂದು ಹೇಳಿ ಕಳಿಸಿದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದೆ.

ಒಂಬತ್ತನೆಯ ದಿನ ಬೆಳಿಗ್ಗೆ ನೀರು ಬಂತು. ಕಸಕಡ್ಡಿ, ನೊರೆ ಹೊತ್ತ ರಾಡಿ ನೀರು, ಮೊಣಕಾಲು ಮುಳುಗುವಷ್ಟು. ಅತ್ತೆಯೂ ನಾನೂ ಓಡಿಹೋಗಿ ಉಡಿ ತುಂಬಿದೆವು. ಖಣ ತೇಲಿ ಹೋಗಿ ಸೇತುವೆಯ ಕಂಬಕ್ಕೆ ಅಂಟಿಕೊಂಡಿತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ.

ಸೇತುವೆಯ ನಡುವೆ, ನಾನೂ ಅವ್ವನೂ ಕೂಡುತ್ತಿದ್ದ ಜಾಗದಲ್ಲೇ, ಅಣ್ಣ ಎದುರಾದ.

"ನೀರ ಬಂತು ಅಣ್ಣಾ, ಉಡಿ ತುಂಬಿ ಬಂದೇನಿ."

ಅವನು ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. "ನಸಕಿನ್ಯಾಗ ಹೋದ್ಲು ತಂಗಿ. ನಿನ್ನಿ ಸಂಜೀಕ ಆಕಿ ಸಂಕಟ ನೋಡಲಾರದ, ನೀರ ಬಂತು ಅಂತ ನಾವ ಸುಳ್ಳ ಹೇಳಿದ್ವಿ. 'ಹಂಗಾರ ಬರತಾಳ, ನನ್ನ ತಲಿ ಹಿಕ್ರಿ' ಅಂದ್ಲು. ಬಾಚಣಿಕಿ ತರಿಸಿ ತಲಿ ಹಿಕ್ಕಿಸಿಕೊಂಡು, ಬಾಗಲಾ ನೋಡಕೋತ ಕುಂತಿದ್ಲು."

ಬಸುರಿ ಹೆಣ ನೋಡಬಾರದು. ಅದೂ ನಮ್ಮ ಪದ್ಧತಿಯೇ. ಈ ಸಲ ಬೆನ್ನಿಗೇ ಬಂದಿದ್ದ ಅತ್ತೆ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಅವ್ವನ ಜೀವ ಇದ್ದಾಗ ಮಾತ್ರ ನನ್ನನ್ನು ಯಾರೂ ತಡೆದಿರಲಿಲ್ಲ. ಮಧ್ಯಾಹ್ನ ಅವ್ವನನ್ನು ಆಚೆ ದಂಡೆಗುಂಟ ಹೊತ್ತು ಒಯ್ದರು. ಕಟ್ಟೆ ಹಿಡಿದು ನಿಂತ ನನಗೆ ಜನರ ಬೆನ್ನುಗಳಷ್ಟೇ ಕಂಡವು.

ಎರಡು ದಿನಕ್ಕೆ ಗೇಟು ಇಳಿಯಿತು, ಮತ್ತೆ ಉಸುಕು. ಖಣ ಮಳೆಗಾಲದವರೆಗೂ ಕಂಬದಲ್ಲೇ ಬಣ್ಣಗೆಡುತ್ತಿತ್ತು. ಮಗಳು ಹುಟ್ಟಿದಳು, ಬದುಕಿದಳು. ಹೊಳೆವ್ವ ಕಾಯ್ದಳು ಎಂದು ಓಣಿಯವರೆಲ್ಲ ಅಂದರು. ನಾನು ಹೂಂಗುಟ್ಟಿದೆ.

ಅವಳು ದೊಡ್ಡವಳಾಗಿ, ಜಡೆ ಹಾಕೆಂದು ಬಾಚಣಿಕೆ ಹಿಡಿದು ಬಂದು ನನ್ನ ಮುಂದೆ ಕೂರುತ್ತಿದ್ದಳು. ಅತ್ತೆಯ ಕಡೆ ಕೈ ತೋರಿಸಿ, ಅಜ್ಜಿಯ ಹತ್ತಿರ ಹೋಗು ಎಂದು ಕಳಿಸುತ್ತಿದ್ದೆ.