ಬಾಯ್ತುಂಬ ಮರಿ ಇದ್ದ ಮೀನು

ವಯನಾಡು ಇನ್ನೂ ಹೊಸ ಜಿಲ್ಲೆಯಾಗಿದ್ದ ಕಾಲ. ಊರಿಗೆ ಜೀಪು ಬಂದರೆ ಸಾಕು, ಅದು ಹೊಸ ಜಿಲ್ಲೆಯದೇ ಎಂದು ನಂಬಿ, ಏನು ಕೊಟ್ಟರೂ ಕೈಚಾಚುತ್ತಿದ್ದೆವು. ಅನುಮಾನವನ್ನೆಲ್ಲ ನಮ್ಮ ನಮ್ಮವರಿಗೇ ಮೀಸಲಿಟ್ಟಿದ್ದೆವು. ನಮ್ಮ ಮನೆಯಲ್ಲಂತೂ ಅದು ಒಂದು ಕೈ ಹೆಚ್ಚೇ. ಅಂಗಡಿ ಇಟ್ಟಿದ್ದ ಅಪ್ಪ ತನ್ನ ತಕ್ಕಡಿಯನ್ನು ಬಿಟ್ಟು ಇನ್ನೇನನ್ನೂ ನಂಬುತ್ತಿರಲಿಲ್ಲ. ಅವ್ವ ಆ ತಕ್ಕಡಿಯನ್ನೂ ನಂಬುತ್ತಿರಲಿಲ್ಲ. ನಾನು ಅವರಿಬ್ಬರ ಮಗಳು.

ಪೆರಿಕಲ್ಲೂರಿನ ಹತ್ತಿರ, ಕಬಿನಿಗೆ ಕೂಗಳತೆಯಲ್ಲಿ ನಮ್ಮೂರು. ಊರ ಮುಂದೆ ದೊಡ್ಡಕೆರೆ. ಮೊದಲ ಮಳೆಗೆ ಹೊಳೆ ಕೆಂಪಗೆ ಉಕ್ಕಿದಾಗ, ಹೊಳೆಗೂ ಕೆರೆಗೂ ನಡುವಿನ ತೋಡಿನಲ್ಲಿ ಗೆಂಡೆ ಮೀನುಗಳು ಮೊಟ್ಟೆಯಿಡಲು ಹತ್ತಿ ಬರುತ್ತಿದ್ದವು. ಹಸಿಮಣ್ಣು, ಕೊಳೆತ ಬಿದಿರೆಲೆ, ಮೀನಿನ ಲೋಳೆ ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿದರೆ ನಮಗೆ ಶಾಲೆಯೂ ಬೇಡ, ಕುಂಟೆಬಿಲ್ಲೆಯೂ ಬೇಡ. ಆದರೆ ಮೊದಲ ಮೂರು ದಿನ ತೋಡಿನಲ್ಲಾಗಲಿ ಕೆರೆಯಲ್ಲಾಗಲಿ ಯಾರೂ ಬಲೆ ಹಾಕುವಂತಿರಲಿಲ್ಲ. ಬಸುರಿ ಮೀನನ್ನು, ಮರಿ ಹೊತ್ತ ಮೀನನ್ನು ಕೊಲ್ಲಬಾರದು. ಊರಿನ ಕಟ್ಟು ಅದು. ನಾಲ್ಕನೆಯ ದಿನ, ಮೊಟ್ಟೆಯಿಟ್ಟು ಹೊಳೆಗೆ ಮರಳುವ ಗೆಂಡೆಗೆ ಬಿದಿರಿನ ಕೂಳಿ ಒಡ್ಡುತ್ತಿದ್ದರು. ಕಾಂತಾರಿ ಮೆಣಸು ಅರೆದು ಅವ್ವ ಮಾಡುತ್ತಿದ್ದ ಸಾರು, ಜೊತೆಗೆ ಬೇಯಿಸಿದ ಮರಗೆಣಸು. ಮೂಗು ಸೊರಗುಟ್ಟಿಸುತ್ತಾ ತಿನ್ನುತ್ತಿದ್ದೆವು.

ಕಟ್ಟು ಕಾಯುತ್ತಿದ್ದವನು ಕಾಡಂಚಿನ ಹಾಡಿಯ ಕಾಳಜ್ಜ. ಅವನ ಅಪ್ಪ, ಅಜ್ಜ ಎಲ್ಲ ಕಾದ ತೋಡು ಅದು. ಆ ಮೂರು ದಿನ ಯಾರೇ ಬರಲಿ, ಅವನ ಮಾತೇ ಮಾತು. ಮಹಾ ಸಿಡುಕ. "ಕೈಯಾಗೇನು? ತೋರ್ಸು!" ಎಂದು ಮಕ್ಕಳ ಮುಷ್ಟಿಯನ್ನೂ ಬಿಡಿಸಿ ನೋಡುತ್ತಿದ್ದ. ನನಗೆ ಅವನನ್ನು ಕಂಡರಾಗುತ್ತಿರಲಿಲ್ಲ.

ನಾನೀಗ ಹೇಳುವ ಸಂಗತಿಗೆ ಎರಡು ವರ್ಷ ಮೊದಲು ಜೀಪಿನಲ್ಲಿ ಬಂದ ಯಾರೋ ಸಾಹೇಬರು ಕ್ಯಾನುಗಟ್ಟಲೆ ಮೀನುಮರಿ ತಂದು ಕೆರೆಗೆ ಸುರಿದಿದ್ದರು. ಬೇಗ ಬೆಳೆಯುತ್ತದೆ, ಮೊಟ್ಟೆಗೆ ಹೊಳೆ ಬೇಕಾಗಿಲ್ಲ ಎಂದಿದ್ದರು. ಜಿಲೇಬಿ ಮೀನು ಎಂಬ ಹೆಸರು ಕೇಳಿಯೇ ನಾವು ಚಪ್ಪಾಳೆ ತಟ್ಟಿದ್ದೆವು. ಕಾಳಜ್ಜನೊಬ್ಬ ಮಾತ್ರ ಕ್ಯಾನಿನೊಳಗೆ ಇಣುಕಿ, "ಇದ್ಯಾವ ಊರಿಂದು?" ಎಂದು ಕೇಳಿದ್ದ.

ಆ ವರ್ಷ ಕಟ್ಟಿನ ಎರಡನೆಯ ದಿನವೇ ಗುಸುಗುಸು ಶುರುವಾಯಿತು. ಕಾಳಜ್ಜ ಬೆಳಗಾಗುತ್ತಲೇ ಕೆರೆಯಂಚಿನಲ್ಲಿ ಬಲೆ ಬೀಸುತ್ತಾನಂತೆ!

"ನಮಗೆ ಕಟ್ಟು, ಅವನಿಗೆ ಸಾರು," ಎಂದ ಅಪ್ಪ. "ಮಗಾ, ನಾಳೆ ನೀ ಹೋಗಿ ನೋಡ್ಕಂಡ್ ಬಾ. ಮಕ್ಕಳ ಮ್ಯಾಲೆ ಯಾರಿಗೂ ಅನುಮಾನ ಬರಕಿಲ್ಲ."

ಮರುದಿನ ಬೆಳಗ್ಗೆ ಬಿದಿರ ಮೆಳೆಯ ಹಿಂದೆ ಕೂತೆ. ಅಂತೆಕಂತೆಯಲ್ಲ, ನಿಜವೇ. ಕಾಳಜ್ಜ ಬಲೆ ಬೀಸಿ ಎಳೆದ. ಬಿದ್ದ ಗೆಂಡೆಗಳನ್ನು ಒಂದೊಂದಾಗಿ ಬಿಡಿಸಿ ನೀರಿಗೆ ಬಿಟ್ಟ. ಜಿಲೇಬಿಗಳನ್ನು ಮಾತ್ರ ದಡಕ್ಕೆ ಎಸೆದ. ನನ್ನಿಂದ ನಾಲ್ಕು ಮಾರು ದೂರದಲ್ಲಿ ಬಿದ್ದ ಒಂದು ಮೀನು ಬಾಯಿ ತೆರೆಯಿತು. ಒಳಗಿಂದ ಸಾಸಿವೆಗಿಂತ ತುಸು ದೊಡ್ಡ ಮರಿಗಳು ಬುಳಬುಳನೆ ಹೊರಬಿದ್ದವು. ಬಾಯ್ತುಂಬ ಮರಿ! ಅವೆಲ್ಲ ಒದ್ದೆ ಮಣ್ಣಿನಲ್ಲಿ ವಿಲವಿಲ ಒದ್ದಾಡುತ್ತಿದ್ದವು. ಅಯ್ಯೋ! ಕಟ್ಟು ಕಾಯುವವನೇ ಬಾಣಂತಿಯನ್ನು ಕೊಲ್ಲುತ್ತಿದ್ದಾನೆ!

ಅವನು ತೋಡಿನ ಕಡೆ ಹೋದದ್ದೇ ತಡ, ಓಡಿಹೋದೆ. ತಾಯಿಮೀನನ್ನು ಎತ್ತಿ ನೀರಿಗೆ ಬಿಟ್ಟೆ. ಮರಿಗಳನ್ನು ಲಂಗದಲ್ಲಿ ಬಳಿದುಕೊಂಡು ಕೆರೆಗೆ ಒದರಿದೆ. ಉಸಿರಾಡುತ್ತಿದ್ದ ಇನ್ನೂ ನಾಲ್ಕೈದನ್ನು ಬಿಟ್ಟೆ. ಪುಣ್ಯದ ಕೆಲಸ ಮಾಡಿದೆನೆಂಬ ಹಿಗ್ಗಿನಲ್ಲಿ ಮನೆಗೆ ಓಡಿ, ಕಾಳಜ್ಜ ಬಲೆ ಬೀಸಿದ್ದನ್ನು ಅಪ್ಪನಿಗೆ ಹೇಳಿದೆ.

ಹೊತ್ತೇರುವುದರೊಳಗೆ ಅಂಗಡಿಯ ಮುಂದೆ ಊರು ಸೇರಿತು. ಕಾಳಜ್ಜನನ್ನು ಕರೆಸಿದರು. ಅವನು ನನ್ನ ಮುಂದೆಯೇ ನಿಂತ.

"ಕೂಸೇ, ನೀನೇ ಹೇಳು. ನಾ ಗೆಂಡೆ ಕೊಂದಿದ್ ಕಂಡ್ಯಾ?"

ಗೆಂಡೆಯನ್ನು ಅವನು ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದನ್ನು ಹೇಳಲಿಲ್ಲ. "ಬಾಯ್ತುಂಬ ಮರಿ ಇದ್ದ ಮೀನು ಕೊಂದೆ," ಎಂದೆ.

"ಆ ಜಿಲೇಬಿನಾ? ಹೌದು, ಕೊಂದೆ," ಎಂದ ಕಾಳಜ್ಜ. "ನಮ್ಮ ಗೆಂಡೆ ಮೊಟ್ಟೆ ಬಿಟ್ಟು ಹೊಳೆಗೆ ಹೊಂಟೋಯ್ತದೆ. ಇದು ತನ್ನ ಮರೀನ ಬಾಯಾಗಿಟ್ಟು ಕಾಯ್ತದೆ, ಗೆಂಡೆ ಮೊಟ್ಟೆ ಮುಕ್ಕತದೆ. ಇದಕ್ಕೂ ಕಟ್ಟು ಅಂದ್ರೆ ಗೆಂಡೆಗೆ ಉಳಿಗಾಲ ಇಲ್ಲ ಕಣ್ರಪ್ಪಾ."

"ಕಟ್ಟು ಅಂದ್ರೆ ಎಲ್ಲಾ ಮೀನಿಗೂ ಒಂದೇಯ," ಎಂದ ಅಪ್ಪ. "ನಾಳೆ ಗೆಂಡೇನೂ ಹಿಂಗೇ ತಿಂದು ಕಥೆ ಹೇಳ್ತೀಯ."

ಎಲ್ಲರೂ ಹೂಂಗುಟ್ಟಿದರು. ಕಾಳಜ್ಜ ನನ್ನ ಲಂಗವನ್ನೇ ನೋಡಿದ. ಒದ್ದೆಯಾಗಿತ್ತು. ಅಂಚಿನಲ್ಲಿ ಎರಡು ಮರಿ ಅಂಟಿಕೊಂಡು ಸತ್ತಿದ್ದವು. ಈಗ ಬಾಯಿ ಬಿಡುತ್ತಾನೆ, ನನ್ನನ್ನು ಹಿಡಿದುಕೊಡುತ್ತಾನೆ ಎಂದುಕೊಂಡೆ. ಅವನು ಕೈಲಿದ್ದ ಕೂಳಿಯನ್ನು ಅಂಗಡಿಯ ಕಟ್ಟೆಗೆ ಒರಗಿಸಿ, "ಇನ್ನು ನೀವೇ ಕಾಯ್ಕಳಿ," ಎಂದು ಹೊರಟುಹೋದ. ಮತ್ತೆ ತೋಡಿನ ಕಡೆ ಬರಲಿಲ್ಲ.

ಕಾಯುವವನಿಲ್ಲದ ತೋಡಿಗೆ ಮರುವರ್ಷ ಮೊದಲ ದಿನವೇ ಬಲೆ ಬಿತ್ತು. ಮೊದಲು ಹಾಕಿದ್ದು ನಮ್ಮಪ್ಪನೇ. ಬೇರೆಯವರು ತನಗಿಂತ ಮೊದಲೇ ಹಾಕಿಬಿಡುತ್ತಾರೆಂಬ ಅನುಮಾನ ಅವನಿಗೆ. ಜಿಲೇಬಿಗೆ ಮಾತ್ರ ಕಟ್ಟು ಉಳಿಯಿತು. ಬಾಯಲ್ಲಿ ಮರಿ ಕಂಡರೆ ಹೆಂಗಸರು ಕೈಮುಗಿದು ಕೆರೆಗೆ ಬಿಡುತ್ತಿದ್ದರು. ಅದರ ಬಾಯಲ್ಲೋ, ಯಾವಾಗಲೂ ಮರಿ.

ಕಳೆದ ಮಳೆಗಾಲಕ್ಕೆ ಮುಂಚೆ, ನಾಡಮೀನು ಉಳಿಸುವ ಕೆಲಸಕ್ಕೆಂದು ಮೂರು ಜನ ಹುಡುಗಿಯರು ಬಲೆ, ಪುಸ್ತಕ ಹಿಡಿದು ಬಂದಿದ್ದರು. ಇಡೀ ದಿನ ದೊಡ್ಡಕೆರೆಯಲ್ಲಿ ಬಲೆ ಎಳೆದರು. ಬುಟ್ಟಿಬುಟ್ಟಿ ಜಿಲೇಬಿ. ಒಂದೇ ಒಂದು ಗೆಂಡೆ ಇಲ್ಲ. ತೋಡೂ ಹೂಳು ತುಂಬಿ ಕಾಲುದಾರಿಯಾಗಿದೆ. ನನ್ನ ಮೊಮ್ಮಗಳಿಗೆ ಗೆಂಡೆ ಎಂದರೆ ಅದರ ರುಚಿಯಿರಲಿ, ಆಕಾರವೂ ಗೊತ್ತಿಲ್ಲ.

"ಈ ಮೀನನ್ನ ಕೆರೆಗೆ ಬಿಟ್ಟಿದ್ದು ಯಾರು, ಅಮ್ಮಚ್ಚಿ?" ಎಂದು ಅವರಲ್ಲೊಬ್ಬಳು ಕೇಳಿದಳು.

ಕಾಳಜ್ಜನ ಹಾಡಿಯ ಹುಡುಗರೂ ಅಲ್ಲೇ ನಿಂತಿದ್ದರು. ಜೀಪಿನವರು ಎಂದರು ಎಲ್ಲರೂ.

ನಾನೂ ಜೀಪಿನವರು ಎಂದೆ.