ಅಬ್ದಲಿ ಗಡಿಯ ಮಗ್ದಲೀನ್ ಸಿಸ್ಟರ್

ಕುವೈತಿನ ಉತ್ತರ ತುದಿಯಲ್ಲಿ, ಇರಾಕಿನ ಗಡಿಬೇಲಿಗೆ ಅಂಟಿಕೊಂಡಂತೆ ಅಬ್ದಲಿ ಇದೆ. ಊರು ಅನ್ನುವುದಕ್ಕಿಂತ ಮರುಭೂಮಿಯ ನಡುವಿನ ತೋಟಗಳ ಸಾಲು ಅನ್ನಬೇಕು. ಕೊಲ್ಲಿ ಯುದ್ಧ ಮುಗಿದು ಎರಡು ವರ್ಷವಾದರೂ ಅಲ್ಲಿನ ಕ್ಲಿನಿಕ್ಕಿಗೆ ಹೋಗಲು ಯಾವ ನರ್ಸೂ ಒಪ್ಪಿರಲಿಲ್ಲ. ಮರಳಿನಡಿ ಎಲ್ಲೆಲ್ಲಿ ಯಾವ ಸಿಡಿಮದ್ದು ಹೂತಿದೆಯೋ ಬಲ್ಲವರಿರಲಿಲ್ಲ. ಕಿನ್ನಿಗೋಳಿಯ ಮಗ್ದಲೀನ್ ಮಾತ್ರ ತಾನಾಗಿ ಹೆಸರು ಕೊಟ್ಟಳು. ಆಗ ಅವಳಿಗೆ ಇಪ್ಪತ್ತೆಂಟು ವರ್ಷ, ಮದುವೆಯಾಗಿ ಒಂದು ವರ್ಷ. ಗಂಡ ಸಿಲ್ವೆಸ್ಟರ್ ಶುಐಬಾದ ಕಾರ್ಖಾನೆಯಲ್ಲಿ ಫಿಟ್ಟರ್; ಮನೆ ದಕ್ಷಿಣದ ಅಬು ಹಲೀಫಾದಲ್ಲಿ.

"ಅಲ್ಲಿ ಎಂತ ಉಂಟಂತ ಹೋಗ್ತಿ ನೀನು?" ಎಂದು ಅವನು ರೇಗಿದ.

"ಕಾಯಿಲೆಯವರು ಇದ್ದಾರಲ್ಲ, ಮತ್ತೆಂತ ಬೇಕು?"

ಕೊನೆಗೆ ಸಿಲ್ವೆಸ್ಟರ್ ಒಂದು ಮಾತು ತೆಗೆದುಕೊಂಡ. ಚೂರು ಅಪಾಯ ಕಂಡರೂ ತನಗೆ ಹೇಳಬೇಕು, ಮರುದಿನವೇ ಗಂಟುಮೂಟೆ ಕಟ್ಟಬೇಕು. ಆಗಲಿ ಎಂದು ಹೋದವಳು ವಾರವೆಲ್ಲ ಅಲ್ಲಿನ ಕ್ವಾರ್ಟರ್ಸಿನಲ್ಲಿ ಇರುತ್ತಿದ್ದಳು. ಶುಕ್ರವಾರದ ರಜೆಗೆಂದು ಗುರುವಾರ ಸಂಜೆ ಬಸ್ಸು ಹತ್ತಿ ಮನೆಗೆ ಬರುತ್ತಿದ್ದಳು.

ಎರಡನೆಯ ಚಳಿಗಾಲ. ನಾಲ್ಕು ದಿನ ಮಳೆ ಹೊಯ್ದು ನಿಂತಿತ್ತು. ಮಳೆ ಬಿದ್ದರೆ ಮರಳಿನೊಳಗೆ ಫಗಾ ಏಳುತ್ತದೆ. ಆಲೂಗಡ್ಡೆಯಂತಿರುವ ಆ ನೆಲದಣಬೆಗಾಗಿ ಅಲೆಮಾರಿ ಬದೂಯಿನ್ ಜನ ಎಷ್ಟು ಹೇಳಿದರೂ ಕೇಳದೆ ಮರಳು ಕೆದಕಲು ಹೊರಡುತ್ತಿದ್ದರು. ಆ ಬೆಳಿಗ್ಗೆ ಡಾಕ್ಟರು ಔಷಧಿ ತರಲು ಪಟ್ಟಣಕ್ಕೆ ಹೋಗಿದ್ದರು. ಮಂಡಿನೋವಿನ ಮುದುಕಿ ಉಮ್ ಫಲಾಹ್ ಬಂದು ಬೆಂಚಿನ ಮೇಲೆ ಕೂತಳು. "ನಿನಗೆಂದೇ ತಂದೆ ಮಗಳೇ" ಎನ್ನುತ್ತ ಮಡಿಲಲ್ಲಿದ್ದ ಗಂಟು ಬಿಚ್ಚಿದಳು. ಮಣ್ಣು ಮೆತ್ತಿದ ಹತ್ತಿಪ್ಪತ್ತು ಫಗಾ. ಅವುಗಳ ನಡುವೆ ತುಕ್ಕು ಹಿಡಿದ ಒಂದು ಪುಟ್ಟ ಲೋಹದ ಡಬ್ಬಿ, ಅದರ ತುದಿಗೆ ಬಾಲದಂತೆ ಮಾಸಿದ ಬಟ್ಟೆಪಟ್ಟಿ.

ಕೆಲಸಕ್ಕೆ ಸೇರಿದ ವಾರ ಸೇನೆಯವರು ತೋರಿಸಿದ್ದ ಚಿತ್ರಗಳಲ್ಲಿ ಅದೂ ಇತ್ತು. ವಿಮಾನದಿಂದ ಉದುರಿಯೂ ಸಿಡಿಯದೆ ಉಳಿದ ಬಾಂಬು. ಹೊರಗೆ ಸಾಲಿನಲ್ಲಿ ಒಂಬತ್ತು ಜನ ಕಾಯುತ್ತಿದ್ದರು. ಮುದುಕಿಗೋ ಎದ್ದು ನಿಲ್ಲಬೇಕಾದರೆ ಇಬ್ಬರು ಹಿಡಿಯಬೇಕು. ಎದ್ದರೆ ಡಬ್ಬಿ ನೆಲಕ್ಕೆ ಬೀಳುತ್ತದೆ.

"ಉಮ್ಮಾ, ಅಲುಗಾಡಬೇಡ. ಉಸಿರಾಡು, ಅಷ್ಟೇ ಸಾಕು" ಎಂದು ತನಗೆ ಬರುತ್ತಿದ್ದ ಅರೆಬರೆ ಅರಬ್ಬಿಯಲ್ಲಿ ಹೇಳಿದಳು.

ಆಂಬುಲೆನ್ಸ್ ಡ್ರೈವರ್ ಉಳ್ಳಾಲದ ಇದಿನಬ್ಬ ಬಾಗಿಲಲ್ಲಿ ನಿಂತು ನೋಡಿದ. "ಸಿಸ್ಟರೇ, ನೀವು ಆಚೆ ಸರಿಯಿರಿ, ನಾನು ತೆಗೀತೇನೆ."

"ನಿಮ್ಮ ಕೈ ನಡುಗ್ತಾ ಉಂಟು ಇದಿನಬ್ಬ. ಜನರನ್ನೆಲ್ಲ ಕಟ್ಟಡದ ಹಿಂದೆ ದೂರ ಕಳಿಸಿ. ಬೇಗ!"

ಮೊಣಕಾಲೂರಿ ಕೂತು, ಎರಡೂ ಅಂಗೈಗಳನ್ನು ಬಟ್ಟೆಯ ಅಡಿಗೆ ಜಾರಿಸಿ, ಫಗಾ ಸಮೇತ ಆ ಗಂಟನ್ನು ಎತ್ತಿದಳು. ಬಾಗಿಲು ದಾಟಿದಳು. ಅಂಗಳ ದಾಟಿದಳು. ಕೊಳಾಯಿಗೆಂದು ತೋಡಿದ್ದ ಹೊಂಡದ ತನಕ ಒಂದೊಂದೇ ಹೆಜ್ಜೆ. ಪ್ರಾರ್ಥನೆ ಮಾಡಬೇಕೆಂದರೆ ಒಂದು ಸಾಲೂ ನೆನಪಾಗಲಿಲ್ಲ. ಗಂಟನ್ನು ಹೊಂಡದೊಳಗೆ ಇಟ್ಟು, ಹಿಂದೆ ಹಿಂದೆ ಸರಿದು, ಗೋಡೆಯ ಮರೆಗೆ ಬಂದಮೇಲೆ ಸೇನೆಗೆ ಸುದ್ದಿ ಕಳಿಸಿದಳು. ಮಧ್ಯಾಹ್ನ ಬಂದ ಸೇನೆಯವರು ಅಲ್ಲೇ ಅದನ್ನು ಸಿಡಿಸಿದಾಗ ಕ್ಲಿನಿಕ್ಕಿನ ಮೂರು ಕಿಟಕಿಗಳ ಗಾಜು ಪುಡಿಯಾಯಿತು.

ಆ ಗುರುವಾರ ಅವಳು ಮನೆಗೆ ಬಂದಳು, ಮೀನು ಸಾರು ಮಾಡಿದಳು, ಸಿಲ್ವೆಸ್ಟರನಿಗೆ ಏನೂ ಹೇಳಲಿಲ್ಲ. ಇದಿನಬ್ಬನ ಬಾಯಿಯನ್ನೂ ಮುಚ್ಚಿಸಿದ್ದಳು.

ಮರುವಾರವೇ ಹೊಸ ಕೆಲಸ ಹಚ್ಚಿಕೊಂಡಳು. ಮುಟ್ಟಬಾರದ ವಸ್ತುಗಳ ಚಿತ್ರಗಳನ್ನು ದೊಡ್ಡ ರಟ್ಟುಗಳ ಮೇಲೆ ಬರೆಸಿ, ಡೇರೆ ಡೇರೆಗೆ, ತೋಟ ತೋಟಕ್ಕೆ ಹೋಗಿ ಹೆಂಗಸರನ್ನು ಕೂರಿಸಿಕೊಂಡು ತೋರಿಸಿದಳು. ಮೊದಲು ನಕ್ಕರು. ಆಮೇಲೆ ಗಂಡಸರನ್ನು ಅವರೇ ತಡೆಯತೊಡಗಿದರು. ವರ್ಷಗಳು ಕಳೆದಂತೆ ಕ್ಲಿನಿಕ್ಕಿಗೆ ಕೈಕಾಲು ಹರಿದುಕೊಂಡು ಬರುವವರು ಕಡಿಮೆಯಾದರು. ಒಂದು ಚಳಿಗಾಲದಲ್ಲಿ ಒಬ್ಬರೂ ಬರಲಿಲ್ಲ. ವಿಶ್ವಸಂಸ್ಥೆಯ ಬಿಳಿ ಜೀಪುಗಳು ಓಡಾಡುತ್ತಿದ್ದ ಕಾಲ ಹೋಯಿತು. ಬೇಲಿಯಾಚೆ ಇನ್ನೊಂದು ಯುದ್ಧವೂ ಆಯಿತು. ಆಗ ಸಿಬ್ಬಂದಿಯನ್ನೆಲ್ಲ ಹಿಂದಕ್ಕೆ ಕರೆಸಿದಾಗ ಕೊನೆಗೆ ಹೊರಟವಳೂ, ಮೊದಲು ಮರಳಿದವಳೂ ಮಗ್ದಲೀನೇ. ಪಾಳುಬಿದ್ದಿದ್ದ ನೆಲದಲ್ಲಿ ಸೌತೆ, ಟೊಮೆಟೊ ಬೆಳೆಯುವ ಹಸಿರುಮನೆಗಳು ಎದ್ದವು. ಪಟ್ಟಣದ ಕಡೆಯ ಫರ್ವಾನಿಯಾ ಆಸ್ಪತ್ರೆಗೆ ವರ್ಗ ಕೊಡುತ್ತೇವೆಂದು ಎರಡು ಸಲ ಕೇಳಿದರು. ಎರಡು ಸಲವೂ ಒಲ್ಲೆ ಎಂದಳು.

ಈ ವರ್ಷ ಮಗ್ದಲೀನಳಿಗೆ ಅರವತ್ತು ತುಂಬಿತು, ಕೆಲಸದಿಂದ ನಿವೃತ್ತಿ. ಬೀಳ್ಕೊಡುಗೆಗೆ ಸಿಲ್ವೆಸ್ಟರ್, ಮಗ ಲಾಯ್ಡ್ ಇಬ್ಬರೂ ಬಂದಿದ್ದರು. ಹೂವಿನ ಗುಚ್ಛ, ಕೇಕು ಎಲ್ಲ ಆದಮೇಲೆ ಗಡ್ಡ ನೆರೆತ ಒಬ್ಬ ತೋಟದ ಯಜಮಾನ ಎದ್ದು ನಿಂತ. ಅವನೇ ಫಲಾಹ್, ಆ ಮುದುಕಿಯ ಮಗ.

"ಆಮೇಲೆ ನನ್ನ ತಾಯಿ ಹದಿನಾರು ವರ್ಷ ಬದುಕಿದಳು" ಎಂದು ಅರಬ್ಬಿಯಲ್ಲಿ ಶುರುಮಾಡಿ, ಅಂದು ನಡೆದದ್ದನ್ನು ಒಂದೂ ಬಿಡದೆ ಹೇಳಿದ.

ಮೂವತ್ತೈದು ವರ್ಷ ಈ ದೇಶದಲ್ಲಿ ದುಡಿದ ಸಿಲ್ವೆಸ್ಟರನಿಗೆ ಒಂದೊಂದು ಮಾತೂ ಅರ್ಥವಾಯಿತು. ಅವನ ಕೈಯಲ್ಲಿದ್ದ ಕೇಕು ಹಾಗೇ ಉಳಿಯಿತು.

ಹಿಂದಿರುಗುವಾಗ ಲಾಯ್ಡ್ ಕಾರು ಓಡಿಸುತ್ತಿದ್ದ. "ಮಮ್ಮಾ, ಈಸ್ ಇಟ್ ಟ್ರೂ?" ಎಂದು ಒಮ್ಮೆ ಕೇಳಿದ. ಮಗ್ದಲೀನ್ ಹೌದೆಂದು ತಲೆಯಾಡಿಸಿದಳು. ಜಹ್ರಾ ಪಟ್ಟಣ ದಾಟಿದ ಮೇಲೆ ಸಿಲ್ವೆಸ್ಟರ್ ಅವಳತ್ತ ತಿರುಗಿದ.

"ನೀನು ನಂಗೆ ಮಾತು ಕೊಟ್ಟದ್ದು ನೆನಪುಂಟಾ?"

"ಉಂಟು. ಹೇಳಿದ್ರೆ ಮರುದಿನವೇ ಕರ್ಕೊಂಡು ಬರ್ತಿದ್ರಿ. ಮತ್ತೆ ಅಲ್ಲಿಯವರಿಗೆ ಯಾರಿದ್ರು ಹೇಳಿ?"

ಅವನು ಕಿಟಕಿಯತ್ತ ಮುಖ ತಿರುಗಿಸಿದ. ಕಣ್ಣೊರೆಸಿಕೊಂಡದ್ದು ಮಗನಿಗೂ ಕಂಡಿತು.

ಮನೆ ಸೇರಿ ಶೂ ಕೂಡ ಬಿಚ್ಚದೆ ಸಿಲ್ವೆಸ್ಟರ್ ಕಿನ್ನಿಗೋಳಿಗೆ, ಮಗ್ದಲೀನಳ ತಮ್ಮ ಜೋಕಿಮನಿಗೆ ಫೋನು ಹಚ್ಚಿದ. ಅಡುಗೆಮನೆಯಲ್ಲಿದ್ದ ಮಗ್ದಲೀನಳಿಗೆ ಎಲ್ಲ ಕೇಳಿಸುತ್ತಿತ್ತು. ಕತೆ ಮುಗಿದ ಮೇಲೆ ಆ ಕಡೆಯಿಂದ ಜೋಕಿಮ್ ಅಕ್ಕನ ಬಗ್ಗೆ ಹೆಮ್ಮೆಯಿಂದ ಏನೋ ಅಂದಿರಬೇಕು, ಸಿಲ್ವೆಸ್ಟರನ ದನಿ ಏರಿತು: "ನಿನ್ನ ಅಕ್ಕ ಆಮೇಲೆ ಮಾರಾಯ! ಮೊದಲು ನನ್ನ ಹೆಂಡತಿ!"