ಕರೀಮ ಸಾಬರ ಎರಡು ಕಣ್ಣಿನ ಡಬ್ಬಿಗಳು

ಬೀದರಿನ ಚೌಬಾರಾ ಗೋಪುರದ ಕಡೆಯಿಂದ ಇಳಿದು ಎಡಕ್ಕೆ ಹೊರಳಿದರೆ ಮೂರನೆಯ ಗಲ್ಲಿಯಲ್ಲಿ ಕರೀಮ ಸಾಬರ ಕೋಣೆ. ಒಂದು ಮಂಚ, ಒಂದು ಸ್ಟೋವು, ಒಂದು ಗೋಡೆಯ ತುಂಬ ಕ್ಯಾಮೆರಾ. ಎಲ್ಲವೂ ರೋಲ್ ಫಿಲ್ಮಿನ ಕಾಲದ ಜರ್ಮನ್ ಕ್ಯಾಮೆರಾಗಳು, ಎಲ್ಲಕ್ಕೂ ಒಂದರ ಮೇಲೊಂದು ಎರಡು ಕಣ್ಣು. ಮೇಲಿನದು ನೋಡುವುದಕ್ಕೆ, ಕೆಳಗಿನದು ಫಿಲ್ಮಿನ ಮೇಲೆ ಚಿತ್ರ ಮೂಡಿಸುವುದಕ್ಕೆ. ನಮ್ಮ ಕಡೆ ಅಲ್ಯುಮಿನಿಯಂ ಪಾತ್ರೆಗೆ ಜರ್ಮನ್ ಎನ್ನುವುದು ರೂಢಿ. ಸಾಬರು ಜರ್ಮನ್ ಸಾಮಾನು ಕೂಡಿಹಾಕುತ್ತಾರೆಂದು ಕೇಳಿ ಪಕ್ಕದ ಮನೆಯ ರುಖ್ಸಾರ ಒಂದು ದಿನ ತೂತು ಬಿದ್ದ ಬೋಗುಣಿ ತಂದಿಟ್ಟು ಹೋದಳು. ಸಾಬರು ಅದನ್ನೂ ಎಸೆಯಲಿಲ್ಲ. ಆ ಕೋಣೆಗೆ ಯಾರಾದರೂ ಏನಾದರೂ ತಂದುಕೊಟ್ಟು ಬಹಳ ವರ್ಷವಾಗಿತ್ತು.

ವಯಸ್ಸು ಎಪ್ಪತ್ಮೂರು. ಹೈದರಾಬಾದು, ಪುಣೆ, ಎಲ್ಲೆಲ್ಲಿಂದಲೋ ಜನ ಹಳೆಯ ಕ್ಯಾಮೆರಾದ ಚಿತ್ರವನ್ನು ಮೊಬೈಲಿಗೆ ಕಳಿಸಿ ಇದು ಯಾವುದು ಎಂದು ಕೇಳುತ್ತಾರೆ. ಸಾಬರು ಭೂತಗನ್ನಡಿ ಹಿಡಿದು ನೋಡಿ, ಯಾವ ಊರಿನ ಕಾರ್ಖಾನೆಯದು, ಸುಮಾರು ಯಾವ ವರ್ಷದ್ದು ಎಂದು ನಿಧಾನವಾಗಿ ಮಾತಾಡಿ ಕಳಿಸುತ್ತಾರೆ. ಆ ಕಡೆಯಿಂದ ಒಂದು ಹೆಬ್ಬೆರಳು ಬರುತ್ತದೆ. ಹೆಬ್ಬೆರಳು ಬಂತೆಂದರೆ ಮಾತು ಮುಗಿಯಿತು. ಸಾಬರು ಮಾತ್ರ ಇನ್ನೇನಾದರೂ ಬಂದೀತೆಂದು ಮತ್ತೆ ಸ್ವಲ್ಪ ಹೊತ್ತು ಮೊಬೈಲು ಹಿಡಿದು ಕೂತಿರುತ್ತಾರೆ.

ಗುರುತು ಹಿಡಿಯುವುದರಲ್ಲಿ ಅವರದು ಹಟದ ಸ್ವಭಾವ. ಹೋದ ಚಳಿಗಾಲದಲ್ಲಿ ಔರಾದಿನ ಭಾಲಚಂದ್ರ ವಕೀಲರು ತಮ್ಮ ತಂದೆಯ ಕ್ಯಾಮೆರಾ ನೋಡಲು ಕರೆಸಿದ್ದರು. ಅದರ ಹಣೆಯ ಮೇಲೆ ರೊಲೈಫ್ಲೆಕ್ಸ್ ಎಂಬ ಹೆಸರಿನ ಪಟ್ಟಿ ಥಳಥಳ ಹೊಳೆಯುತ್ತಿತ್ತು. ಸಾಬರು ಪಟ್ಟಿಯ ಕಡೆ ನೋಡಲೇ ಇಲ್ಲ. ಪಕ್ಕಕ್ಕೆ ತಿರುಗಿಸಿದರು. ಫಿಲ್ಮು ಸುತ್ತುವ ಹಿಡಿಕೆ ಇರಬೇಕಾದಲ್ಲಿ ತಿರುಗಿಸುವ ದುಂಡನೆಯ ಗುಂಡಿ ಇತ್ತು. ಕೆಳಗಿನ ಕಣ್ಣಿನ ಸುತ್ತ ಟ್ರಿಯೋಟಾರ್ ಎಂದು ಅಗ್ಗದ ಲೆನ್ಸಿನ ಹೆಸರು ಕೊರೆದಿತ್ತು.

“ಇದು ರೊಲೈಕಾರ್ಡ್ ಅದ್ರಿ ವಕೀಲ್ ಸಾಬ. ಅದರ ತಮ್ಮ. ಯಾರೋ ರಿಪೇರಿಯವ ಅಣ್ಣನ ಪಟ್ಟಿ ತಂದು ತಮ್ಮನ ಹಣಿಗೆ ಬಡದಾನ. ಎತ್ತು ಕೊಳ್ಳಾಗ ಹಣಿ ನೋಡಬಾರದ್ರಿ, ಹಲ್ಲು ನೋಡಬೇಕು.”

ವಕೀಲರ ಮುಖ ಹುಳ್ಳಗಾಯಿತು. ಒಳಗಿನಿಂದ ಬಂದ ಚಹಾದಲ್ಲಿ ಸಕ್ಕರೆಯೂ ಕಡಿಮೆಯಾಗಿತ್ತು. ಇಂಥ ಸತ್ಯಕ್ಕಾಗಿ ಸಾಬರು ಬಹಳ ಮನೆಗಳ ಎರಡನೆಯ ಚಹಾ ಕಳೆದುಕೊಂಡಿದ್ದಾರೆ. ಹೊರಡುವಾಗ ಬಾಗಿಲಲ್ಲಿ ನಿಂತು, ಎಲ್ಲ ಕಡೆ ಕೇಳುವ ಮಾತನ್ನೇ ಅಲ್ಲಿಯೂ ಕೇಳಿದರು. “ಭಾಲ್ಕಿಯ ದಾಲವಾಲೆ ಮಂದಿ ಈಗ ಎಲ್ಲಿ ಅದಾರ, ನಿಮಗೇನರ ಗೊತ್ತದ ಏನ್ರಿ?” ವಕೀಲರಿಗೆ ಗೊತ್ತಿರಲಿಲ್ಲ.

ಈ ಪ್ರಶ್ನೆ ಯಾಕೆಂದು ತಿಳಿಯಲು ಸಾಬರ ಹಳೆಯ ಕಸುಬು ತಿಳಿಯಬೇಕು. ಎರಡು ಕಣ್ಣಿನ ಕ್ಯಾಮೆರಾದಲ್ಲಿ ಫೋಟೊ ತೆಗೆಯುವವನು ಎದುರಿಗೆ ನೋಡುವುದಿಲ್ಲ. ಡಬ್ಬಿಯನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ತಗ್ಗಿಸಿ ಗಾಜಿನೊಳಗೆ ನೋಡಬೇಕು. ಪರದೆ ಪಾಲಿಸುವ ಮನೆಗಳಿಗೆ ಇದು ದೇವರೇ ಕಳಿಸಿದ ಯಂತ್ರದಂತೆ ಕಂಡಿತು. ಕಣ್ಣಿಗೆ ಕಣ್ಣು ಕೂಡಿಸದೆ ಹೆಣ್ಣುಮಕ್ಕಳ ಫೋಟೊ ತೆಗೆಯುವ ಹುಡುಗನೆಂದು ಬೀದರು, ಭಾಲ್ಕಿ, ಔರಾದಿನ ದೊಡ್ಡ ಮನೆಗಳವರು ನಿಕಾಹದ ದಿನ ಕರೀಮನನ್ನೇ ಕರೆಸುತ್ತಿದ್ದರು. ಫಿಲ್ಮು ತೊಳೆದು ಪ್ರಿಂಟು ಹಾಕುವುದು ಅವನ ತಾಯಿಯ ಕೆಲಸ, ಅಡುಗೆಮನೆಯಲ್ಲಿ ಕೆಂಪು ಬಲ್ಬಿನ ಕೆಳಗೆ. ಪ್ರಿಂಟನ್ನೂ ನೆಗೆಟಿವನ್ನೂ ಲಕೋಟೆಗೆ ಹಾಕಿ ಅಂಟಿಸಿ ಮನೆಯವರಿಗೆ ಮುಟ್ಟಿಸಿದರೆ ಮುಗಿಯಿತು. ಗಾಜಿನಲ್ಲಿ ಕಂಡದ್ದಷ್ಟೇ, ಫೋಟೊ ಆದ ಮೇಲೆ ಈ ಮನೆಯ ಹೆಂಗಸರ ಚಿತ್ರ ನಾನು ಎಂದೂ ನೋಡುವುದಿಲ್ಲ ಎಂದು ಕರೀಮ ಪ್ರತಿ ಮನೆಯ ಹಿರಿಯರಿಗೂ ಮಾತು ಕೊಟ್ಟಿದ್ದ. ಮೂವತ್ತು ವರ್ಷ ಫೋಟೊ ತೆಗೆದವನ ಬಳಿ, ನಂಬಿದರೆ ನಂಬಿ, ತಾನು ತೆಗೆದ ಒಂದೂ ಫೋಟೊ ಇಲ್ಲ. ಖಾಲಿ ಡಬ್ಬಿಗಳನ್ನು ಕೂಡಿಹಾಕದೆ ಅವನು ಇನ್ನೇನು ಮಾಡಬೇಕಿತ್ತು?

ಹೆಂಡತಿ ಆಬೇದಾಳ ಫೋಟೊ ಕೂಡ ಇಲ್ಲ. ದೀಪದ ಬುಡದಲ್ಲಿ ಕತ್ತಲೆ. “ದಿನಾ ಕಾಣ್ತೇನಲ್ಲ, ಫೋಟೊ ಯಾಕ?” ಎಂದು ಅವಳು ನಗುತ್ತಿದ್ದಳು. ಮುಂದಿನ ಈದಿಗೆ ತೆಗೆದರಾಯಿತು ಎಂದು ಇವರು ಸುಮ್ಮನಾಗುತ್ತಿದ್ದರು. ಹೀಗೆ ಹನ್ನೆರಡು ಈದು ಹೋದವು. ಹದಿಮೂರನೆಯದಕ್ಕೆ ಮೊದಲೇ, ಒಂದು ವಾರದ ಜ್ವರದಲ್ಲಿ ಆಬೇದಾ ಹೋದಳು. ಮಕ್ಕಳಿರಲಿಲ್ಲ. ಅದಾಗಿ ಮೂವತ್ತು ವರ್ಷದ ಮೇಲಾಯಿತು.

ದುಃಖವನ್ನು ಸಾಬರು ಹೇಗೋ ತಾಳಿಕೊಂಡಿದ್ದರು. ತಾಳಲಾಗದ್ದು ಇತ್ತೀಚೆಗೆ ಶುರುವಾಯಿತು. ಆಬೇದಾಳ ಮುಖ ಮರೆಯುತ್ತಿತ್ತು. ದನಿ ನೆನಪಿತ್ತು, ಬಳೆ ಏರಿಸಿ ಹಿಟ್ಟು ನಾದುವ ಕೈ ನೆನಪಿತ್ತು. ಮುಖ ನೆನೆದರೆ ಮಾತ್ರ ಒಮ್ಮೆ ತಾಯಿಯದು ಬರುತ್ತಿತ್ತು, ಒಮ್ಮೆ ಯಾರದೋ. ಇಷ್ಟು ಕ್ಯಾಮೆರಾಗಳ ಗುರುತು ಹಿಡಿಯುವವನಿಗೆ ಕಟ್ಟಿಕೊಂಡವಳ ಗುರುತು ತಪ್ಪುತ್ತಿದೆಯಲ್ಲ ಎಂದು ಸಾಬರು ಹೆದರಿದ್ದರು.

ಒಂದೇ ಒಂದು ಆಸೆ ಉಳಿದಿತ್ತು. ಮದುವೆಯಾದ ಎರಡನೆಯ ತಿಂಗಳಲ್ಲಿ ಭಾಲ್ಕಿಯ ದಾಲವಾಲೆ ಮನೆಯ ನಿಕಾಹಕ್ಕೆ ಫೋಟೊ ತೆಗೆಯಲು ಹೋದಾಗ ಆಬೇದಾಳನ್ನೂ ಕರೆದುಕೊಂಡು ಹೋಗಿದ್ದರು. ಮದುಮಗಳ ಸುತ್ತ ಹೆಂಗಸರೆಲ್ಲ ನಿಂತಾಗ ಯಾರೋ ಆಬೇದಾಳ ಕೈ ಹಿಡಿದೆಳೆದು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಆ ಒಂದು ಫೋಟೊದಲ್ಲಿ ಅವಳಿದ್ದಾಳೆ. ದಾಲವಾಲೆಯವರ ಹಳೆಯ ಮನೆ ಯಾವಾಗಲೋ ಬಿದ್ದು ಅಲ್ಲಿ ಅಂಗಡಿಸಾಲು ಎದ್ದಿತ್ತು, ಮನೆಯವರು ಚದುರಿಹೋಗಿದ್ದರು. ಸಾಬರು ಕೇಳದ ಜನ ಉಳಿದಿರಲಿಲ್ಲ.

ಈ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಮೊಬೈಲಿಗೆ ಒಂದು ಕ್ಯಾಮೆರಾದ ಚಿತ್ರ ಬಂತು. ಕೆಳಗೆ ಬರೆದಿತ್ತು: ‘ನಮ್ಮ ಮುತ್ತಜ್ಜನದು. ಯಾವ ಕ್ಯಾಮೆರಾ ಹೇಳ್ತೀರಾ? ಸಾನಿಯಾ ದಾಲವಾಲೆ, ಭಾಲ್ಕಿ.’

ಸಾಬರು ಈ ಬಾರಿ ಮೊಬೈಲಿನಲ್ಲಿ ಉತ್ತರ ಹೇಳಲಿಲ್ಲ. ಕೈಯಲ್ಲಿ ಹಿಡಿದು ನೋಡದೆ ಹೇಳಲಾಗದು, ನಾಳೆ ಬರುತ್ತೇನೆ ಎಂದರು. ಜನ್ಮದಲ್ಲಿ ಅಪರೂಪಕ್ಕೆ ಹೇಳಿದ ಸುಳ್ಳು. ಅದು ಇಕೋಫ್ಲೆಕ್ಸ್ ಎಂದು ಕಣ್ಣು ಹಾಯಿಸಿದ ಕೂಡಲೇ ತಿಳಿದಿತ್ತು.

ಮರುದಿನದ ರೈಲಿನಲ್ಲಿ ಹಲಬರ್ಗಾ ದಾಟುವಾಗ ಎದುರು ಕೂತ ಹೆಂಗಸು ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. “ಹೆಂಡತಿನ್ನ ನೋಡಲಿಕ್ಕ” ಎಂದು ಬಾಯಿಗೆ ಬಂತು. ಹೇಳಿಬಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದರು.

ಊರು ಬಿಟ್ಟಿದ್ದ ದಾಲವಾಲೆಯವರು ಈಚೆಗಷ್ಟೇ ಮರಳಿ ಬಂದು ಹಿಡಿದ ಹೊಸ ಮನೆ ಸ್ಟೇಷನ್ನಿನಿಂದ ದೂರವಿರಲಿಲ್ಲ. ಕಾಲೇಜು ಓದುವ ಸಾನಿಯಾ, ಅವಳ ಅಜ್ಜಿ ಮಹಮೂದಾ ಬೇಗಂ, ಇಬ್ಬರೇ ಇದ್ದರು. ಅಜ್ಜಿ ಸೆರಗು ತಲೆಗೆ ಎಳೆದುಕೊಂಡು ಬಾಗಿಲ ಪರದೆಯ ಹತ್ತಿರ ಕೂತಿದ್ದರು. ಅವರ ಮನೆಮಾತು ದಖನಿ ಉರ್ದು, ಸಾಬರದೂ ಅದೇ. ನಾವು ನಮ್ಮ ಕನ್ನಡದಲ್ಲಿ ಕೇಳಿಸಿಕೊಂಡರಾಯಿತು. ಸಾಬರು ಕ್ಯಾಮೆರಾ ತಿರುವಿ ನೋಡಿ, ಇಕೋಫ್ಲೆಕ್ಸು, ನೋವಾರ್ ಲೆನ್ಸು, ಎರಡನೆಯ ಜಾಗತಿಕ ಲಡಾಯಿ ಮುಗಿದ ಮೇಲಿನದು ಎಂದು ಗಡಬಡಿಸಿ ಹೇಳಿ ಮುಗಿಸಿದರು. ಆಮೇಲೆ ಕ್ಯಾಮೆರಾ ಬದಿಗಿಟ್ಟು ಬಂದ ಕಾರಣ ಹೇಳಿದರು.

ಸಾನಿಯಾ ಎದ್ದು ಹೋಗಿ ಒಂದು ತಗಡಿನ ಪೆಟ್ಟಿಗೆ ತಂದಳು. ತಡಕಾಡಿ ಪೋಸ್ಟ್‌ಕಾರ್ಡಿನಷ್ಟು ದೊಡ್ಡದೊಂದು ಫೋಟೊ ತೆಗೆದು, “ಇದೇ ಏನ್ರಿ?” ಎಂದು ಮುಂದೆ ಹಿಡಿದಳು.

ಸಾಬರು ಥಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿದರು. “ಬ್ಯಾಡ ಬೇಟಿ. ಅದರಾಗ ನಿಮ್ಮ ಮನಿ ಹೆಂಗಸರೆಲ್ಲ ಅದಾರ. ನೋಡಂಗಿಲ್ಲಂತ ನಿನ್ನ ಮುತ್ತಜ್ಜಗ ಮಾತು ಕೊಟ್ಟೇನಿ.”

“ಈಗ ಕೇಳಾವ್ರು ಯಾರ ಅದಾರ್ರಿ? ಅದರಾಗ ಅರ್ಧ ಮಂದಿ ಸತ್ತ ಹೋಗ್ಯಾರ.”

“ಸತ್ತವರಿಗೂ ಪರದಾ ಅದ, ಸಾನಿಯಾ” ಎಂದರು ಮಹಮೂದಾ ಬೇಗಂ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಬೇಡಿ ಬಂದವರೂ ಸಾಬರೇ, ಅಡ್ಡ ನಿಂತ ಪೂಜಾರಿಯೂ ಸಾಬರೇ. ಗೋಡೆ ನೋಡುತ್ತಲೇ ಕೂತ ಮುದುಕನನ್ನು ಅಜ್ಜಿ ಕಂಡರು. ಹಳೆಯ ಲಗ್ನಪತ್ರಿಕೆಯೊಂದರ ರಟ್ಟು ತರಿಸಿದರು.

“ಫೋಟೊದ ಮ್ಯಾಲ ಇದನ್ನ ಮುಚ್ಚತೇವಿ. ನಿಮ್ಮಾಕಿ ಮುಖ ಕಾಣುವಷ್ಟೇ ತೂತು. ಅಕಿ ಎಲ್ಲಿ ನಿಂತಾಳ ಹೇಳ್ರಿ, ನನಗ ಗುರ್ತಿಲ್ಲ.”

“ಹಿಂದಿನ ಸಾಲು. ಎಡಗಡಿಯಿಂದ ಮೂರನೇದು” ಎಂದರು ಸಾಬರು, ಒಂದು ಗಳಿಗೆಯೂ ತಡೆಯದೆ. ಆ ದಿನ ಮದುಮಗಳಿಗಿಂತ ಹೆಚ್ಚು ಹೊತ್ತು ಅವರು ಗಾಜಿನಲ್ಲಿ ನೋಡಿದ್ದೇ ಆ ಜಾಗವನ್ನು.

ಸಾನಿಯಾ ಹುಣಸೆಬೀಜದಷ್ಟು ತೂತು ಕತ್ತರಿಸಿ, ರಟ್ಟು ಹೊಂದಿಸಿ ಕೊಟ್ಟಳು. ಸಾಬರು ಭೂತಗನ್ನಡಿ ಹಿಡಿದು ಬಾಗಿದರು. ತುಂಬುಗೆನ್ನೆಯ ಒಬ್ಬ ಹೆಣ್ಣುಮಗಳು ಹಲ್ಲು ಕಾಣುವಂತೆ ನಗುತ್ತಿದ್ದಳು. ಇಷ್ಟು ಮರೆತೆನೇ? ಇನ್ನೊಮ್ಮೆ ನೋಡಿದರು.

“ಇಕಿ ಆಬೇದಾ ಅಲ್ಲ” ಎಂದು ಫೋಟೊ ಬೋರಲು ಹಾಕಿದರು.

ಮಹಮೂದಾ ಬೇಗಂ ಎತ್ತಿಕೊಂಡು ತೂತಿನಲ್ಲಿ ಇಣುಕಿದರು. “ಯಾ ಅಲ್ಲಾ! ಇದು ನಾನ!”

ಸಾಬರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಜೀವಮಾನವಿಡೀ ಉಳಿಸಿಕೊಂಡ ಮಾತು, ಮನೆಯೊಡತಿಯ ಎದುರೇ, ಅವರ ಮುಖದ ಮೇಲೆಯೇ ಮುರಿದುಬಿದ್ದಿತ್ತು. “ಮಾಫ್ ಮಾಡ್ರಿ, ಮಾಫ್ ಮಾಡ್ರಿ” ಎಂದು ಎದ್ದೇ ನಿಂತರು. ಅಜ್ಜಿಯೋ, ನಗಲಿಕ್ಕೆ ಶುರುಮಾಡಿದವರು ಕೆಮ್ಮು ಬರುವವರೆಗೂ ನಕ್ಕರು. “ಕೂಡ್ರಿ ಸಾಬ, ಕೂಡ್ರಿ. ಈ ಮುಖ ಹಿಂಗಿತ್ತಂತ ನನಗೇ ಮರ್ತಿತ್ತು.”

ಕೂತ ಮೇಲೆ ಸಾಬರಿಗೆ ತಪ್ಪು ಹೊಳೆಯಿತು. ಈ ಫೋಟೊದ ಪ್ರಿಂಟನ್ನು ಅವರು ಕಂಡವರೇ ಅಲ್ಲ. ಕಂಡದ್ದು ಕ್ಯಾಮೆರಾದ ಗಾಜಿನಲ್ಲಿ, ಅಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಕಸುಬಿನ ಮೊದಲ ಪಾಠ. ನೆನಪು ಇಷ್ಟು ವರ್ಷ ಅದನ್ನು ತಿರುಗುಮುರುಗಾಗಿಯೇ ಕಾಪಾಡಿಕೊಂಡು ಬಂದಿತ್ತು.

“ಬಲಗಡಿಯಿಂದ ಮೂರನೇದು” ಎಂದರು.

ಸಾನಿಯಾ ರಟ್ಟನ್ನು ಮಗುಚಿ ತೂತು ಬಲಗಡೆಗೆ ಬರುವಂತೆ ಹೊಂದಿಸಿದಳು. ಆಬೇದಾ ಇದ್ದಳು. ಸಣ್ಣ ಗದ್ದ, ಒಂದಕ್ಕೊಂದು ಕೂಡಲು ಬಂದ ಹುಬ್ಬು. ಇದೇ, ಇದೇ, ಹೇಗೆ ಮರೆತಿತ್ತು? ಕೆಳಗಿನ ಕಣ್ಣು ನೋಡಿ ಎಂದು ಆ ದಿನ ಎಲ್ಲರಿಗೂ ಹೇಳಿದ್ದರು. ಆಬೇದಾ ಕೆಳಗಿನ ಕಣ್ಣನ್ನೂ ನೋಡಿರಲಿಲ್ಲ, ಮೇಲಿನದನ್ನೂ ನೋಡಿರಲಿಲ್ಲ. ಅವಳ ನೋಟ ಇನ್ನೂ ಮೇಲಿತ್ತು. ಅಲ್ಲಿ ಇದ್ದದ್ದು ತನ್ನ ತಗ್ಗಿಸಿದ ತಲೆಯೊಂದೇ ಎಂದು ಸಾಬರಿಗೆ ಗೊತ್ತಾಯಿತು. ಆಗ ಒಮ್ಮೆ ತಲೆಯೆತ್ತಿದ್ದರೆ ಸಾಕಿತ್ತು. ಭೂತಗನ್ನಡಿಯ ಮೇಲೆ ಕಣ್ಣೀರು ಬಿತ್ತು, ಒರೆಸಿಕೊಂಡು ಮತ್ತೆ ನೋಡಿದರು. ಯಾರೂ ಅವಸರ ಮಾಡಲಿಲ್ಲ.

ಸಾನಿಯಾ ಮೆಲ್ಲಗೆ ಮೊಬೈಲು ಎತ್ತಿದಳು. “ತೂತಿನ್ಯಾಗಿಂದ ಅವರೊಬ್ಬರದೇ ಫೋಟೊ ತಗದು ನಿಮಗ ಕಳಸ್ತೇನ್ರಿ.”

ಸಾಬರು ತಲೆ ಅಲ್ಲಾಡಿಸಿದರು. “ಬ್ಯಾಡ ಬೇಟಿ. ಇಲ್ಲಿ ಅಕಿ ಮಗ್ಗಲಿಗೆ ಇಷ್ಟು ಮಂದಿ ಅದಾರ. ನನ್ನ ಕೋಣಿಗೆ ಬಂದ್ರ ಅಕಿನೂ ಒಬ್ಬಾಕಿನೇ ಆಗ್ತಾಳ.”

ಸಾನಿಯಾ ಫೋಟೊ ಪೆಟ್ಟಿಗೆಯಲ್ಲಿಟ್ಟು, ತೂತಿನ ರಟ್ಟನ್ನು ಮುದ್ದೆ ಮಾಡಹೊರಟಳು. ಮಹಮೂದಾ ಬೇಗಂ ಅವಳ ಕೈ ಹಿಡಿದರು.

“ಅದನ್ನ ಒಗೀಬ್ಯಾಡ. ಫೋಟೊದ ಜೋಡಿನೇ ಇಡು. ಸಾಬರು ಮತ್ತ ಬರ್ತಾರ.”